ಹೊರಬೀಡಿನ ದಿನ ಒಳಗುಳಿದ ಸಂಚಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮುಳ್ಳಿನ ಬೇಲಿಯ ಮುಂದೆ ನಾನು ನಿಂತದ್ದು ಕಾಲು ಗಂಟೆಯೋ, ಐದೇ ನಿಮಿಷವೋ ಗೊತ್ತಿಲ್ಲ. ಚಿಕ್ಕವ್ವನ ಎಡಗೈಗೆ ಮುಳ್ಳು ಹೊಕ್ಕಿತೋ ಬಲಗೈಗೋ, ಅದೂ ಖಚಿತವಿಲ್ಲ. ಎಂ.ಎ. ಓದುವಾಗಿನಿಂದ ಡೈರಿ ಬರೆಯುವ ಅಭ್ಯಾಸ ನನಗೆ. ಆದರೆ ಆ ದಿನದ ಪುಟ ತೆರೆದರೆ ಇರುವುದು ಒಂದೇ ಸಾಲು: ‘ಅವ್ವನಿಗೆ ಮಾತ್ರೆ ಕೊಟ್ಟೆ. ಮಧ್ಯಾಹ್ನ ಎರಡು ನಲವತ್ತು.’ ಉಳಿದದ್ದೆಲ್ಲ ತಲೆಯಲ್ಲಿದೆ, ತಲೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಂಬುವುದು ಸಿಟ್ಟನ್ನು. ಐದು ವರ್ಷವಾದರೂ ಅದು ಹಾಗೇ ಇದೆ.

ಕಳೆದ ತಿಂಗಳು ನ್ಯಾಮತಿಯ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದೆ. ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಬಾಣಂತಿ ಇದ್ದಾಳೆ. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಆ ಮನೆಯಲ್ಲಿ ಮಗುವಿಗೆ ನೀರು ಹಾಕಿ ಹೊಗೆ ಹಿಡಿಯುತ್ತಿದ್ದರೆಂದು ಕಾಣುತ್ತದೆ. ಕೆಂಡದ ಮೇಲೆ ಬಿದ್ದ ಲೋಬಾನ, ಓಮದ ಕಾಳು, ಬೆಳ್ಳುಳ್ಳಿ ಸಿಪ್ಪೆಯ ವಾಸನೆ ಗೋಡೆ ದಾಟಿ ಬಂತು. ಹಿಂಡಿದ ಸೀರೆ ಕೈಯಲ್ಲೇ ಉಳಿಯಿತು. ನರಪಿಳ್ಳೆ ಇಲ್ಲದ ನಮ್ಮೂರ ಬೀದಿ, ಮಟಮಟ ಮಧ್ಯಾಹ್ನ, ಬೀಗ ಹಾಕಿದ ಮನೆಯೊಂದರ ಹಿಂದಿನಿಂದ ಇದೇ ವಾಸನೆ. ಆವತ್ತು ಅದು ನಿಜವಾಗಿ ಬಂದಿತ್ತೋ ಇಲ್ಲವೋ ಎಂದು ಐದು ವರ್ಷ ನನ್ನನ್ನೇ ಕೇಳಿಕೊಂಡಿದ್ದೆ. ನ್ಯಾಮತಿಯ ಹಿತ್ತಿಲಲ್ಲಿ ನಿಂತು, ಬಂದಿತ್ತು ಎಂದುಕೊಂಡೆ. ಸಾಯಂಕಾಲದ ಹೊತ್ತಿಗೆ ಮತ್ತೆ ಅನುಮಾನ ಶುರುವಾಯಿತು.

ಅವ್ವ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಊರು ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಒಳದಾರಿ ಹಿಡಿದು ಹೋಗಬೇಕು. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವನ ತವರೂ ಅದೇ ಊರು, ಅವಳ ಅಣ್ಣನ ಮನೆ ಎರಡು ಬೀದಿಯಾಚೆ. ಐದು ವರ್ಷದ ಹಿಂದೆ, ಶಾಲೆ ಶುರುವಾಗಿ ಇನ್ನೂ ಮೂರು ವಾರವಾಗಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡ ಪಾತ್ರೆಯಿಂದ ಗಂಜಿ ಬಸಿಯುತ್ತಿದ್ದ ಅವ್ವ ಎದೆ ಹಿಡಿದುಕೊಂಡು ಗೋಡೆಗೊರಗಿದಳು. ಜೊತೆಯಲ್ಲಿದ್ದ ಅಡುಗೆಯವಳು ಗ್ಯಾಸ್ ಅಂದಳು. ಮೇಷ್ಟ್ರು ಗ್ಯಾಸ್ ಎಂದು ಅಂಗಡಿಯಿಂದ ಸೋಡಾ ತರಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಜೀರಿಗೆ ಅಗಿಯಾಕೆ ಕೊಡಿ ಅಂದರಂತೆ. ನನಗೆ ಫೋನ್ ಬಂದಾಗ ಹೊನ್ನಾಳಿಯ ಕಾಲೇಜಿನಲ್ಲಿ ಕಿರುಪರೀಕ್ಷೆ ನಡೆಸುತ್ತಿದ್ದೆ. ಬೆಳಿಗ್ಗೆ ಏನು ತಿಂದಿದ್ದಳು ಎಂದು ಕೇಳಿದೆ. ಕೇಳಿದ್ದು ನಾನೇ, ಇದರಲ್ಲಿ ಅನುಮಾನವಿಲ್ಲ. ಎರಡು ಪದವಿ ಓದಿದವಳು, ಅವ್ವನ ಎದೆನೋವಿಗೆ ಮೊದಲು ಕೇಳಿದ ಪ್ರಶ್ನೆ ತಿಂಡಿಯದು. ಆಮೇಲೆ ಚಿಕ್ಕವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿದ ಮಾತು ನನ್ನನ್ನೂ ಸೇರಿಸಿಯೇ ಹೇಳಿದ್ದು: “ಗಂಡಸಿನ ಎದಿ ನೋಯ್ತು ಅಂದ್ರೆ ಹಾರ್ಟು, ಹೆಂಗಸಿನ ಎದಿ ನೋಯ್ತು ಅಂದ್ರೆ ಗ್ಯಾಸು. ಭಗವಂತ ನಮಗೆ ಹಾರ್ಟ್ ಇಟ್ಟೇ ಇಲ್ಲ ನೋಡು.”

ಗ್ಯಾಸ್ ಅಲ್ಲ ಎಂದು ಗುರುತಿಸಿದ್ದು ಮಾವ. ಅವ್ವನ ಅಣ್ಣ, ಊರಿನ ಹಿರಿಯರಲ್ಲಿ ಒಬ್ಬ. ಶಾಲೆಗೆ ಓಡಿಬಂದವನು ಅವಳ ಹಣೆಯ ಬೆವರು ನೋಡಿ, ಸೋಡಾ ಲೋಟ ಕಿತ್ತು ಎಸೆದು, ಪಕ್ಕದ ಮನೆಯವರ ವ್ಯಾನಿನಲ್ಲಿ ಅವಳನ್ನು ಜಗಳೂರಿಗೆ ಸಾಗಿಸಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ದಾವಣಗೆರೆ. ನಾನು ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂದು ತಲುಪುವ ಹೊತ್ತಿಗೆ ಮೂರು ಕಡೆ ರಕ್ತನಾಳ ಕಟ್ಟಿಕೊಂಡಿದೆ, ಎದೆ ತೆರೆದು ಆಪರೇಷನ್ ಮಾಡಬೇಕು, ತಡಮಾಡುವಂತಿಲ್ಲ ಎಂದು ಹೇಳಿ ಮಾವನಿಂದ ಸಹಿ ಹಾಕಿಸಿಕೊಂಡಾಗಿತ್ತು. ಅವನು ರಕ್ತ ಕೊಟ್ಟ. ಅವ್ವ ಐಸಿಯುನಲ್ಲಿದ್ದಷ್ಟು ದಿನ ಆಸ್ಪತ್ರೆಯ ಹಾಲಿನ ನೆಲದ ಮೇಲೆ ಟವೆಲ್ ಹಾಸಿಕೊಂಡು ಮಲಗಿದ. ಮುಂದೆ ಬರೆಯಲಿರುವುದನ್ನು ಬರೆಯುವ ಮೊದಲು ಇದನ್ನು ಬರೆಯದಿದ್ದರೆ ನಾನು ಸುಳ್ಳಿಯಾಗುತ್ತೇನೆ.

ಊರಮ್ಮನ ಗುಡಿಯ ಕುಂಕುಮದ ಪೊಟ್ಟಣ ತಂದಿದ್ದವನೂ ಅವನೇ. ಅದನ್ನು ಐಸಿಯುನೊಳಗೆ ಬಿಡುವುದಿಲ್ಲ ಅಂದರು. ಆಗ ನನ್ನ ಕೈಗೆ ಕೊಟ್ಟ. ನಾನು ದೇವರನ್ನು ನಂಬುವವಳೋ ಅಲ್ಲವೋ ಎಂಬುದು ಡೈರಿಯಲ್ಲಿ ಎಷ್ಟೋ ಪುಟ ತಿಂದ ಪ್ರಶ್ನೆ. ಆ ದಿನ ಮಾತ್ರ ಪ್ರಶ್ನೆ ಏಳಲಿಲ್ಲ. ಪೊಟ್ಟಣವನ್ನು ಕುಪ್ಪಸದೊಳಗೆ ಅಡಗಿಸಿಕೊಂಡು ಹೋಗಿ, ನರ್ಸ್ ಬೆನ್ನು ತಿರುಗಿಸಿದಾಗ ಅವ್ವನ ದಿಂಬಿನ ಕೆಳಗೆ ತುರುಕಿದೆ.

ಹತ್ತು ದಿನಕ್ಕೆ ಮನೆಗೆ ಕಳಿಸಿದರು. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಏನೂ ಎತ್ತಬಾರದು, ಮಗ್ಗುಲಾಗಿ ಮಲಗಬಾರದು, ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿಕೊಳ್ಳಬೇಕು, ಬಿಸಿಲು ಧೂಳಿನಿಂದ ದೂರ ಇರಬೇಕು. ಹೊನ್ನಾಳಿಯ ನನ್ನ ರೂಮು ಮೇಲ್ಮಹಡಿಯಲ್ಲಿತ್ತು, ಅವ್ವ ಹತ್ತುವಂತಿರಲಿಲ್ಲ. ನಾನು ರಜೆ ಹಾಕಿ ಊರಿಗೆ ಬಂದೆ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಿಂದ ಅವ್ವನ ತಂಗಿ, ನನ್ನ ಚಿಕ್ಕವ್ವ, ಎರಡು ಸೀರೆ ಮತ್ತು ಒಂದು ಭರಣಿ ಉಪ್ಪಿನಕಾಯಿ ಹಿಡಿದುಕೊಂಡು ಬಂದಳು. ಉಪ್ಪಿನಕಾಯಿ ಅವ್ವ ತಿನ್ನುವಂತಿಲ್ಲ ಎಂದು ಗೊತ್ತಾದಾಗ, ರೋಗಿ ನೋಡಿಕೊಳ್ಳುವವರಿಗೂ ಬಾಯಿ ಇದೆ ಅಂದಳು. ಅವ್ವನ ತಲೆ ಬಾಚುವುದು, ಆಪರೇಷನ್ನಿಗೆಂದು ರಕ್ತನಾಳ ತೆಗೆದಿದ್ದ ಕಾಲಿನ ಗಾಯ ಒರೆಸುವುದು, ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಅವಳೇ. ಮಾವ ಬೆಳಿಗ್ಗೆ ಸಂಜೆ ಬಂದು ಹೊರಸಿನ ಕಾಲಬಳಿ ಕೂತು, ಹೆಚ್ಚು ಮಾತಾಡದೆ ಎದ್ದು ಹೋಗುತ್ತಿದ್ದ. ಹೋಗುವಾಗ ಅವ್ವನ ಪಾದ ಮುಟ್ಟಿ ಬೆಚ್ಚಗಿದೆಯೇ ಎಂದು ನೋಡುತ್ತಿದ್ದ.

ಸಂಚಿಯ ವಿಷಯಕ್ಕೆ ಬರಬೇಕು. ಅವ್ವ ಮೂವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿದವಳು. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಬಟ್ಟೆಯ ಸಂಚಿಯನ್ನು ಅವಳು ಮಲಗುವಾಗಲೂ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ. ಹೊಗೆಸೊಪ್ಪು ಇನ್ನು ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಒಪ್ಪಿದ್ದಳು. ಸಂಚಿಯನ್ನು ಬಿಡಲು ಒಪ್ಪಲಿಲ್ಲ. ಚಿಕ್ಕವ್ವ ಅದನ್ನು ಒಗೆದು, ಒಳಗೆ ಲವಂಗ ಏಲಕ್ಕಿ ತುಂಬಿ, ಎದೆನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಮಾತ್ರೆಗಳ ಹಾಳೆಯನ್ನೂ ಅದರ ಒಳಖಾನೆಯಲ್ಲಿಟ್ಟಳು. ಕೈ ಯಾವುದನ್ನು ತಡಕುತ್ತದೋ ಅದರೊಳಗೇ ಮಾತ್ರೆ ಇರಬೇಕು ಎಂಬುದು ಅವಳ ಲೆಕ್ಕ. ಅದು ಸರಿಯಾದ ಲೆಕ್ಕವೇ. ಆಸ್ಪತ್ರೆಯವರಿಗೂ ಹೊಳೆದಿರಲಿಲ್ಲ.

ಆಷಾಢದ ಗಾಳಿ ಶುರುವಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು, ಮಳೆ ಇರಲಿಲ್ಲ. ಊರಲ್ಲಿ ಜ್ವರ ಕಾಣಿಸಿಕೊಂಡಿತ್ತು, ಕುರಿಗಳು ಸತ್ತಿದ್ದವು. ಮಂಗಳವಾರ ಹೊರಬೀಡು ಎಂದು ತಮಟೆ ಬಡಿದು ಸಾರಿದರು. ಐದು ವರ್ಷಕ್ಕೊಮ್ಮೆ ನಮ್ಮಲ್ಲಿ ನಡೆಯುವ ಆಚರಣೆ. ಆ ದಿನ ಹೊತ್ತು ಹುಟ್ಟುವ ಮೊದಲು ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನ, ಕುರಿ, ಕೋಳಿ, ನಾಯಿ ಸಮೇತ ಹೊರಟು ಹೊಲಗಳಲ್ಲಿ ಬೀಡು ಬಿಡುತ್ತದೆ. ಊರಿಗೆ ಬರುವ ದಾರಿಗಳಿಗೆಲ್ಲ ಜಾಲಿ ಮುಳ್ಳಿನ ಬೇಲಿ ಬೀಳುತ್ತದೆ. ಖಾಲಿ ಊರಿನಲ್ಲಿ ಊರಮ್ಮ ಒಬ್ಬಳೇ ಓಡಾಡಿ ರೋಗ ರುಜಿನವನ್ನು ಹೊರಗಟ್ಟುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಪೂಜೆ ಮಾಡಿ ಬೇಲಿ ತೆಗೆದ ಮೇಲೆ ಎಲ್ಲರೂ ಒಳಗೆ ಬರಬೇಕು. ಅಲ್ಲಿಯವರೆಗೆ ಯಾರೂ ಒಳಗೆ ಹೆಜ್ಜೆ ಇಡುವಂತಿಲ್ಲ. ಚಿಕ್ಕವಳಿದ್ದಾಗ ಅದು ನನಗೆ ಎಲ್ಲಕ್ಕಿಂತ ಚಂದದ ದಿನ. ಹೊಲದಲ್ಲಿ ಒಲೆ, ಮರದ ಕೆಳಗೆ ಊಟ.

ಅವ್ವನಿಗೆ ಆಪರೇಷನ್ ಆಗಿ ಆಗ ಮೂರು ವಾರವಾಗಿತ್ತು ಅಷ್ಟೇ. ಮಾವನ ಹತ್ತಿರ ಹೋದೆ. ಅವ್ವನನ್ನು ಮನೆಯಲ್ಲಿ ಬಿಡಿ, ಚಿಕ್ಕವ್ವ ಜೊತೆಗಿರುತ್ತಾಳೆ, ಬಾಗಿಲು ಹಾಕಿಕೊಂಡಿರುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಅವನು ಕೇಳಿಸಿಕೊಂಡ.

“ಊರಾಗೆ ಒಂದು ಉಸಿರೂ ಇರಂಗಿಲ್ಲ ನೇತ್ರಾ,” ಅಂದ. “ನನ್ನ ತಂಗಿ ಅಂತ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ. ಬಾಣಂತಿ ಅಂತ ನಾನು ಸೊಸೆಗೆ ಬಿಟ್ಟೀನಾ? ರೂಪನ್ನ ಕೂಸಿನ ಸಮೇತ ತವರಿಗೆ ಕಳಿಸ್ತಾ ಇದ್ದೀನಿ.”

ರೂಪಾ ಅವನ ಒಬ್ಬನೇ ಮಗನ ಹೆಂಡತಿ. ಎರಡು ಸಲ ಗರ್ಭ ನಿಲ್ಲದೆ, ಮೂರನೇ ಸಲ ಎಂಟು ತಿಂಗಳಿಗೇ ಹುಟ್ಟಿದ ಮಗು, ಅಂಗೈಯಷ್ಟು ಇತ್ತು. ಅದನ್ನೇ ಕಳಿಸುತ್ತಿದ್ದಾನೆ ಎಂದ ಮೇಲೆ ಅಲ್ಲಿಂದ ಎದ್ದೆ. ಹಾಗಾದರೆ ಅವ್ವನನ್ನೂ ಆ ಒಂದು ದಿನ ದಾವಣಗೆರೆಯ ಯಾರಾದರೂ ನೆಂಟರ ಮನೆಯಲ್ಲಿ ಇರಿಸೋಣವೆಂದು ಮನೆಗೆ ಬಂದು ಹೇಳಿದೆ. ಬೇಡವೆಂದವಳು ಅವ್ವ. ಎದೆಗೆ ದಿಂಬು ಒತ್ತಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು: “ಊರೆಲ್ಲ ಹೊರಗೆ ಕುಂತು ರೋಗ ಕಳಿಯೋವಾಗ, ರೋಗದಾಕಿ ನಾನೇ ಓಡಿಹೋಗ್ಲಾ? ನನ್ನ ಮೈಯಾಗಿಂದು ಹೋಗಬೇಕು ಅಂತಲೇ ಹೊರಗೆ ಹೋಗ್ತೀನಿ.” ಅವಳ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಆ ಮೂರು ವಾರ ಅವಳು ಹೆದರದೆ ಇದ್ದದ್ದು ಅದರಿಂದಲೇ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಸೋಮವಾರ ಸಂಜೆ ನೋಡಲು ಬಂದಿದ್ದವರು ಎದ್ದು ಹೋದ ಮೇಲೆ ಅವ್ವನ ಹಾಸಿಗೆ ಕೊಡವಿದೆ. ಸಂಚಿಯಿಂದ ಹೊಗೆಸೊಪ್ಪಿನ ವಾಸನೆ ಬಂತು. ಬಂದವರಲ್ಲಿ ಯಾರೋ ಒಬ್ಬಳು ಕನಿಕರದಿಂದ ಒಂದು ಎಸಳು ಕೊಟ್ಟುಹೋಗಿದ್ದಳು. ನನಗೆ ಮೈಯೆಲ್ಲ ಉರಿಯಿತು. ಎದೆ ಸೀಳಿ ಹೊಲಿದಿದ್ದಾರೆ, ಇವರಿಗೆ ಕನಿಕರ! ಅವ್ವನ ಮೇಲೂ ರೇಗಿದೆ. ಅವಳು ಗೋಡೆ ನೋಡಿದಳು. ಸಂಚಿಯನ್ನು ಕಿತ್ತುಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದೆ. ಮಾತ್ರೆಯ ಹಾಳೆಯನ್ನು ಮೊದಲೇ ತೆಗೆದು ಚಿಕ್ಕವ್ವನ ಕೈಗೆ ಕೊಟ್ಟೆ ಎಂದು ನನ್ನ ನೆನಪು. ಚಿಕ್ಕವ್ವ ಬೆಳಿಗ್ಗೆ ಅವ್ವನ ಉಳಿದ ಮಾತ್ರೆಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡದ್ದು ನಿಜ. ಹಾಳೆಯನ್ನು ನಾನು ಕೊಡಲೇ ಇಲ್ಲ ಎನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು, ಯಾಕೆಂದರೆ ಹಾಳೆ ಕಡೆಗೆ ಸಿಕ್ಕಿದ್ದು ಸಂಚಿಯಲ್ಲೇ. ಆದರೂ ಅವಳ ಅಂಗೈ ಮೇಲೆ ಆ ಬೆಳ್ಳಿ ಬಣ್ಣದ ಹಾಳೆ ಇಟ್ಟದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ನೆನಪಿನ ಯೋಗ್ಯತೆ ಇಷ್ಟು.

ಮಂಗಳವಾರ ಮಾವ ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ತುಂಬಿ, ಮೇಲೆ ಎರಡು ಹಾಸಿಗೆ ಹಾಕಿ, ಅವ್ವನನ್ನು ಕೂರಿಸಿಕೊಂಡು ನಡಿಗೆಯ ವೇಗದಲ್ಲಿ ಓಡಿಸಿದ. ಹುಣಸೆ ಮರದ ಕೆಳಗೆ ಟಾರ್ಪಾಲು ಕಟ್ಟಿ, ಗಾಳಿ ಬರುವ ದಿಕ್ಕಿಗೆ ಕಂಬಳಿ ತೂಗುಹಾಕಿದ. ಅವ್ವ ಹೊರಸಿನ ಮೇಲೆ ಕೂತು ಸುತ್ತಲಿನ ಒಲೆಗಳನ್ನು ನೋಡುತ್ತ ನಕ್ಕಳು. ಆಸ್ಪತ್ರೆಗೆ ಹೋದಮೇಲೆ ಮೊದಲ ಸಲ. ಶಾಲೆಯ ಮಕ್ಕಳು ಬಂದು, ನೀವಿಲ್ಲದೆ ಸಾಂಬಾರು ನೀರು ನೀರು ಎಂದು ದೂರಿದರು. ಮಧ್ಯಾಹ್ನದವರೆಗೆ, ನಾನು ಸುಮ್ಮನೆ ಹೆದರಿದ್ದೆ ಎಂದು ನಾಚಿಕೆಯೂ ಆಯಿತು.

ಊಟವಾಗಿ ಸ್ವಲ್ಪ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಹೊಗೆ, ಧೂಳು ಎರಡೂ ನಮ್ಮ ಕಡೆ ನುಗ್ಗಿದವು. ಅವ್ವ ಕೆಮ್ಮಿದಳು, ದಿಂಬು ಒತ್ತಿಕೊಂಡಳು, ಮತ್ತೆ ಕೆಮ್ಮಿದಳು. ಆಮೇಲೆ ಕೆಮ್ಮು ನಿಂತಿತು. ಮುಖ ಬೆಳ್ಳಗಾಗಿ ಹಣೆಯ ಮೇಲೆ ಬೆವರು ಮೂಡಿತು. ಅವಳ ಬಲಗೈ ಸೊಂಟಕ್ಕೆ ಹೋಗಿ ಖಾಲಿ ಜಾಗವನ್ನು ತಡಕಿತು. ಇದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆ ಕೈ ತಡಕಿದ್ದನ್ನು ನಾನು ಮರೆಯಲಾರೆ.

ಚಿಕ್ಕವ್ವ ಚೀಲ ಸುರಿದು ಹುಡುಕಿದಳು, ಡಬ್ಬಿಯಿತ್ತು, ಹಾಳೆ ಇರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಳು. ಜಗಳೂರಿನಿಂದ ಬರಬೇಕು, ಅರ್ಧ ಗಂಟೆ ಅಂದರು. ನಾನು ಊರ ಬಾಗಿಲಿಗೆ ಓಡಿದೆ, ಹುಣಸೆ ಮರದಿಂದ ಒಂದು ಕೂಗಿನ ದೂರ. ಜಾಲಿ ಮುಳ್ಳು ನನ್ನೆತ್ತರಕ್ಕೆ ಒಟ್ಟಿತ್ತು. ಮುಂದೆ ಮೂವರು ಹಿರಿಯರು ಕೂತಿದ್ದರು, ನಡುವೆ ಮಾವ. ಮಾತ್ರೆ ಮನೆಯ ಟ್ರಂಕಿನಲ್ಲೇ ಉಳಿದಿರಬೇಕು, ಒಳಗೆ ಬಿಡಿ ಎಂದೆ. ಉಳಿದಿಬ್ಬರು ಅವನ ಮುಖ ನೋಡಿದರು. ಅವನು ಎದ್ದು ಬೇಲಿಗೆ ಬೆನ್ನು ಕೊಟ್ಟು ನಿಂತ.

“ದೀಪ ಹಚ್ಚೋತನಕ ತೆಗಿಯಂಗಿಲ್ಲ ತಾಯಿ.”

“ಮಾವ, ಅವ್ವ ಬೆವರ್ತಾ ಅವಳೆ.”

“ಗಾಡಿ ಬರ್ತೈತಲ್ಲ. ಗಾಡ್ಯಾಗೆ ಮಾತ್ರೆ ಇರ್ತಾವೆ.”

ಶಾಲೆಯಲ್ಲಿ ಬೆವರು ನೋಡಿ ಸೋಡಾ ಲೋಟ ಎಸೆದವನು ಇವನೇ. ನಾನು ಏನೆಲ್ಲ ಅಂದೆನೋ ಗೊತ್ತಿಲ್ಲ. ಇಂಗ್ಲಿಷಿನಲ್ಲೂ ಬೈದೆನಂತೆ, ಆಮೇಲೆ ಊರವರು ಅದನ್ನು ಹೇಳಿ ನಗುತ್ತಿದ್ದರು. ಪಕ್ಕದಿಂದ ನುಗ್ಗಲು ಹೋದೆ, ಅವನು ನನ್ನ ರಟ್ಟೆ ಹಿಡಿದ. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತ ಕೈ. ಅಷ್ಟರಲ್ಲಿ ಚಿಕ್ಕವ್ವ ಬಂದಳು. ಅಣ್ಣನ ಮುಖವನ್ನೂ ನೋಡಲಿಲ್ಲ. ಬೇಲಿಯ ಒಂದು ಕೊಂಬೆಗೆ ಬರಿಗೈ ಹಾಕಿ ಎಳೆದಳು.

“ತಂಗೀ, ಊರಿಗೆ ಕೇಡು,” ಅಂದ ಮಾವ.

“ಯಾವ ಊರು?” ಅಂದಳು ಚಿಕ್ಕವ್ವ, ಎಳೆಯುತ್ತಲೇ. “ಮದಿವಿ ಮಾಡಿ ಕಳಿಸೋವಾಗ ಏನಂದ್ರಿ? ಇನ್ನ ನಿನಗೆ ನಲ್ಲೂರೇ ಊರು ಅಂದ್ರಿ. ನಿಮ್ಮೂರ ಕಟ್ಟಳಿ ನಿಮ್ಮೂರವರಿಗೆ. ನಾನು ನಲ್ಲೂರಾಕಿ. ಪಾಪ ಬಂದ್ರೆ ಬಸ್ ಹತ್ತಿ ನಲ್ಲೂರಿಗೆ ಬರಲಿ.”

ಕೊಟ್ಟ ಹೆಣ್ಣು ಹೊರಗಿನವಳು ಎಂದು ಹಿರಿಯರೇ ಮಾಡಿದ ಕಟ್ಟಳೆ. ಹೊಲ ಹಂಚುವಾಗ, ಹಬ್ಬಕ್ಕೆ ಕರೆಯುವಾಗ, ಕರೆಯದಿರುವಾಗ ಅದನ್ನೇ ಹೇಳುತ್ತ ಬಂದವರು. ಒಬ್ಬ ಹೆಂಗಸು ಅದನ್ನೇ ಹಿಡಿದುಕೊಂಡು ಬೇಲಿ ಕೀಳಬಹುದೆಂದು ಅವರು ಯೋಚಿಸಿರಲಿಲ್ಲ. ಚಿಕ್ಕವ್ವನ ಕೈಯಿಂದ ರಕ್ತ ಇಳಿಯುತ್ತಿತ್ತು. ಒಬ್ಬರು ನುಸುಳುವಷ್ಟು ಸಂದಿಯಾಯಿತು. ನಾನು ನುಸುಳಿದೆ.

ಒಳಗೆ ಊರು ಖಾಲಿ. ಬಾಗಿಲುಗಳಿಗೆಲ್ಲ ಬೀಗ, ಬೇವಿನ ಸೊಪ್ಪು. ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ನನ್ನ ಚಪ್ಪಲಿಯ ಸದ್ದು ನನಗೇ ದೊಡ್ಡದಾಗಿ ಕೇಳಿತು, ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಮನೆಗೆ ಮಾವನ ಮನೆಯ ಮುಂದೆಯೇ ಹಾಯಬೇಕು. ಅವನ ಬಾಗಿಲಿಗೂ ಬೀಗ, ಹೊರಗಿನಿಂದ. ಅಲ್ಲಿ ಹಾಯುವಾಗ ಆ ವಾಸನೆ ಬಂತು. ಲೋಬಾನ, ಓಮದ ಕಾಳು, ಬೆಳ್ಳುಳ್ಳಿ ಸಿಪ್ಪೆ. ಬಚ್ಚಲ ಕಡೆಯಿಂದ. ಹಳೆಯದಲ್ಲ, ಆಗಷ್ಟೇ ಕೆಂಡಕ್ಕೆ ಬಿದ್ದದ್ದು. ಆಮೇಲೆ ಒಂದು ಕೂಸಿನ ಅಳು. ಸಣ್ಣದು, ಎರಡು ಸಲ, ಮೂರನೆಯದು ಶುರುವಾಗುವ ಮೊದಲೇ ಬಾಯಿಗೆ ಎದೆ ಕೊಟ್ಟಂತೆ ತಟ್ಟನೆ ನಿಂತಿತು.

ಬೆಕ್ಕಿರಬಹುದು. ಗಾಳಿಯಲ್ಲಿ ಹೊಲದ ಕಡೆಯಿಂದ ತೇಲಿ ಬಂದ ಬೇರೆ ಯಾವುದೋ ಮಗುವಿನ ಅಳುವೂ ಇರಬಹುದು. ನಾನು ಒಂದು ಕ್ಷಣ ನಿಂತೆ, ಆಮೇಲೆ ಓಡಿದೆ. ಟ್ರಂಕು ತೆರೆದು ಸಂಚಿ ಕೊಡವಿದೆ. ಲವಂಗ, ಏಲಕ್ಕಿ, ಒಳಖಾನೆಯಲ್ಲಿ ಹಾಳೆ. ವಾಪಸ್ ಬರುವಾಗ ಮಾವನ ಮನೆಯ ಕಡೆ ಏನೂ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ನಾನು ನಿಲ್ಲಲೂ ಇಲ್ಲ. ಬೇಲಿಯಿಂದ ಹೊರಬಂದಾಗ ಮಾವ ನನ್ನ ಕೈಯಲ್ಲಿದ್ದ ಮಾತ್ರೆಯನ್ನು ನೋಡಲಿಲ್ಲ, ಮುಖ ನೋಡಿದ. “ಒಳಗೆ ಎಲ್ಲಾ ಸರಿ ಐತಾ?” ಅಂದ. ಅವನು ಹಾಗೇನೂ ಕೇಳಲಿಲ್ಲ ಎಂದು ಚಿಕ್ಕವ್ವ ಹೇಳುತ್ತಾಳೆ. ಅವಳು ಆಗ ಸೆರಗಿನಿಂದ ಕೈ ಸುತ್ತಿಕೊಳ್ಳುತ್ತಿದ್ದಳು, ಕೇಳಿಸಿರಲಿಕ್ಕಿಲ್ಲ.

ಮಾತ್ರೆ ಅವ್ವನ ನಾಲಿಗೆ ಕೆಳಗೆ ಕರಗಿತು. ಗಡಿಯಾರ ನೋಡಿದೆ, ಎರಡು ನಲವತ್ತು. ಬೆವರು ಆರಿತು, ತುಟಿಗೆ ಬಣ್ಣ ಬಂತು. ಆಂಬುಲೆನ್ಸ್ ಬಂದಾಗ ಅವಳು ನೀರು ಕೇಳುತ್ತಿದ್ದಳು. ಜಗಳೂರಿನಲ್ಲಿ ಇಸಿಜಿ ತೆಗೆದರು, ಹೊಸದೇನೂ ಕಾಣಲಿಲ್ಲ. ಅದು ಹೃದಯದ ನೋವೇ ಇರಬಹುದು, ಕೆಮ್ಮಿಗೆ ಹೊಲಿಗೆ ಎಳೆದದ್ದೂ ಇರಬಹುದು ಎಂದರು ಡಾಕ್ಟರು. ಯಾವುದೆಂದು ಬೇಲಿಯ ಪಕ್ಕದಲ್ಲಿ ಕೂತು ತೀರ್ಮಾನಿಸುವವರು ನೀವಲ್ಲ ಎಂದು ನಮ್ಮೆಲ್ಲರಿಗೂ ಬೈದರು. ಮಾವ ತಲೆ ತಗ್ಗಿಸಿ ಬೈಸಿಕೊಂಡ. ಆ ಬೈಗುಳದಲ್ಲಿ ನನ್ನ ಪಾಲೂ ಇತ್ತು. ಸಂಚಿಗೆ ಬೀಗ ಹಾಕಿದವಳು ನಾನು.

ಇದು ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟು ದಿನ ಬದುಕುತ್ತಿರಲಿಲ್ಲವೇನೋ. ಮುಂದಿನ ಶುಕ್ರವಾರ ಊರಮ್ಮನ ಗುಡಿಯ ಮುಂದೆ ಹಿರಿಯರು ಕೂತರು. ಬೇಲಿ ಕಿತ್ತದ್ದಕ್ಕೆ ತಪ್ಪೊಪ್ಪಿಗೆ ಆಗಬೇಕು. ಹೊರಗಿನವಳಾದರೆ ಏನಂತೆ, ಹುಟ್ಟಿದ್ದು ಇಲ್ಲೇ ಅಲ್ಲವೇ ಎಂದು ಈಗ ಅವರಿಗೆ ನೆನಪಾಗಿತ್ತು. ಚಿಕ್ಕವ್ವ ಐದು ಕೊಡ ತಣ್ಣೀರು ತಲೆಯ ಮೇಲೆ ಸುರಿದುಕೊಂಡು, ಒದ್ದೆ ಸೀರೆಯಲ್ಲಿ, ಆಷಾಢದ ಆ ಗಾಳಿಯಲ್ಲಿ ಗುಡಿ ಸುತ್ತಿ ಅಡ್ಡಬಿದ್ದಳು. ಹಿರಿಯರ ಸಾಲಿನಲ್ಲಿ ಮಾವ ಕೂತಿದ್ದ. ಅವಳ ಕೈಗೆ ತೆಂಗಿನಕಾಯಿ ಕೊಟ್ಟವನು ಅವನೇ. ನಾನು ಜಗಳಕ್ಕೆ ಏಳುವಷ್ಟರಲ್ಲಿ ಚಿಕ್ಕವ್ವ ಕಣ್ಣಲ್ಲೇ ಸುಮ್ಮನಿರಿಸಿದಳು. ಆಮೇಲೆ ತಲೆ ಒರೆಸಿಕೊಳ್ಳುತ್ತ, “ಐದು ಕೊಡ ನೀರಿಗೆ ಅಕ್ಕ ಉಳಿದ್ಲು ಅಂದ್ರೆ ಅಗ್ಗ ಆತು ಬಿಡು. ನಲ್ಲೂರಾಗೆ ಹಿಂಗೆ ಕರದು ಯಾರು ನೀರು ಹಾಕ್ತಾರೆ?” ಅಂದಳು. ಅಂದು ಸೀನಿದಳು. ನಾನು ನಗಲಿಲ್ಲ.

ರೂಪಾ ಮತ್ತು ಮಗು ಆ ವಾರದಲ್ಲೇ ‘ತವರಿನಿಂದ ಬಂದರು’. ಬರುವುದನ್ನು ನಾನು ನೋಡಲಿಲ್ಲ. ಹೋಗುವುದನ್ನು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಸುತ್ತುಬಳಸಿ ಕೇಳಿದೆ, ಸಿಗಲಿಲ್ಲ. ರೂಪಾಳನ್ನೇ ಕೇಳಬಹುದಿತ್ತು. ಅವಳು ಆ ಮನೆಯ ಸೊಸೆ. ಒಳಗಿದ್ದೆ ಎಂದರೆ ಅವಳಿಗೆ ಕಷ್ಟ, ಇಲ್ಲ ಎಂದರೆ ನಾನು ನಂಬುವವಳಲ್ಲ. ಕೇಳಲಿಲ್ಲ. ಡೈರಿಯಲ್ಲೂ ಬರೆಯಲಿಲ್ಲ. ಅವ್ವ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ, ಹೊತ್ತು ಹೋಗದಾಗ ನನ್ನ ಪುಸ್ತಕಗಳನ್ನು ತಿರುವುತ್ತಾಳೆ. ಅಣ್ಣ ತನ್ನ ಪಾದ ಮುಟ್ಟಿ ನೋಡುತ್ತಿದ್ದುದನ್ನು ಅವಳು ದೇವರ ಮುಟ್ಟುವಿಕೆಯಂತೆ ನೆನೆಯುತ್ತಿದ್ದಳು. ಆ ಎದೆಗೆ ಇನ್ನೊಂದು ಹೊಲಿಗೆ ಬೇಡವೆನಿಸಿತು. ಅಥವಾ ನನಗೆ ಧೈರ್ಯವಿರಲಿಲ್ಲ. ಎರಡರಲ್ಲಿ ಯಾವುದು ಎಂದು ಇವತ್ತಿಗೂ ತಿಳಿಯದು.

ಅವ್ವ ಚೇತರಿಸಿಕೊಂಡಳು. ಶ್ರಾವಣದಲ್ಲಿ ಬಾಗಿಲವರೆಗೆ, ಗಣಪತಿ ಹಬ್ಬಕ್ಕೆ ಬೀದಿಯ ಕೊನೆಯವರೆಗೆ, ದಸರಾ ಮುಗಿಯುವ ಹೊತ್ತಿಗೆ ಶಾಲೆಯವರೆಗೆ ನಡೆದಳು. ಈಗ ಅಲ್ಲಿ ಪಾತ್ರೆ ಎತ್ತುವುದಿಲ್ಲ. ಅಕ್ಕಿ ಆರಿಸುತ್ತಾಳೆ, ಸಾಂಬಾರಿಗೆ ಹದ ಹೇಳುತ್ತಾಳೆ. ಹೊರಬೀಡಿನ ದಿನ ಬಂದ ಆ ನೋವೇ ರೋಗ ಮೈಬಿಟ್ಟು ಹೋದ ಗಳಿಗೆ ಎಂಬುದು ಊರಿನ ತೀರ್ಮಾನ. ಅವ್ವನದೂ ಅದೇ. ಡಾಕ್ಟರು, ಮಾತ್ರೆ, ಚಿಕ್ಕವ್ವನ ರಕ್ತ ಹರಿದ ಕೈ ಆ ತೀರ್ಮಾನದಲ್ಲಿ ಎಲ್ಲೋ ಅಂಚಿಗಿವೆ. ನನ್ನನ್ನು ಉರಿಸುವುದು ಅದಲ್ಲ. ಆ ಮಗುವನ್ನು ಒಳಗೆ ಇಟ್ಟುಕೊಂಡಿದ್ದರೆ ಮಾವ ತಪ್ಪು ಮಾಡಿದ ಎಂದೂ ನಾನು ಹೇಳಲಾರೆ. ಅಂಗೈಯಷ್ಟು ಕೂಸನ್ನು ಆ ಧೂಳಿಗೆ ಯಾವ ಅಜ್ಜ ಒಡ್ಡುತ್ತಾನೆ? ನಾನಾದರೂ ಬಚ್ಚಿಡುತ್ತಿದ್ದೆ. ಕಟ್ಟಳೆ ಬಗ್ಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಮನೆಯೊಳಗೆ ಗುಟ್ಟಾಗಿ ಬಗ್ಗಿಸಿಟ್ಟು, ಬೇಲಿಯ ಮುಂದೆ ನೆಟ್ಟಗೆ ನಿಂತ. ಬೀಗ ಹೊರಗಿನಿಂದ ಹಾಕಿತ್ತು. ಒಳಗೆ ಕೆಂಡವಿತ್ತು, ಒಬ್ಬ ಹಸಿ ಬಾಣಂತಿ ಇದ್ದಳು. ಕಿಡಿ ಹಾರಿದ್ದರೆ ಅವಳು ಯಾರನ್ನು ಕೂಗಬೇಕಿತ್ತು? ಇದ್ದಳು ಎಂದೇ ಬರೆಯುತ್ತಿದ್ದೇನೆ ನೋ‌ಡಿ. ನನಗೆ ಗೊತ್ತಿಲ್ಲ.

ಈ ಆಷಾಢಕ್ಕೆ ಐದು ವರ್ಷ ತುಂಬುತ್ತದೆ, ಮತ್ತೆ ಹೊರಬೀಡು. ಕಳೆದ ಭಾನುವಾರ ನ್ಯಾಮತಿಯಿಂದ ಊರಿಗೆ ಹೋದೆ. ಮಾವ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕಣ್ಣಿಗೆ ಪೊರೆ ಬಂದಿದೆ, ಬೆರಳುಗಳೇ ನೋಡಿಕೊಳ್ಳುತ್ತವೆ. ಹಗ್ಗದ ಇನ್ನೊಂದು ತುದಿಯನ್ನು ರೂಪಾಳ ಮಗಳು ಹಿಡಿದಿದ್ದಳು, ಕಡ್ಡಿಯಂಥ ಹುಡುಗಿ, ವಟವಟ ಬಾಯಿ. ಈ ಸಲ ಹಾಸಿಗೆ ಹಿಡಿದಿರುವ ಮುದುಕರಿಬ್ಬರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಊರಾಗೆ ಒಂದು ಉಸಿರೂ ಇರಂಗಿಲ್ಲ ಅಂದ. ಅದೇ ಮಾತು, ಅದೇ ದನಿ. ಮಗುವನ್ನು ರೂಪಾಳ ಹತ್ತಿರ ನೀರು ತರಲು ಕಳಿಸಿದೆ. ಅವಳು ತುದಿ ಬಿಟ್ಟೊಡನೆ ಹಗ್ಗ ಸುರುಳಿ ಸುತ್ತಿಕೊಂಡಿತು. ನಾನು ಆ ತುದಿಯನ್ನು ಹಿಡಿದುಕೊಂಡು ಕೇಳಿದೆ. ಅವನು ಹೊಸೆಯುವುದನ್ನು ನಿಲ್ಲಿಸಿದ, ಪೊರೆ ಬಂದ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿದ, ಮಗು ಚೆಂಬು ತರುವವರೆಗೆ ಹಾಗೇ ಇದ್ದ. ನೀರು ಕುಡಿದ. ನಾನು ಬಸ್ಸಿಗೆ ಹೊರಡುವಾಗ ಮತ್ತೆ ಹಗ್ಗ ಹೊಸೆಯುತ್ತಿದ್ದ, ಇವತ್ತಿನವರೆಗೆ ಫೋನೂ ಮಾಡಿಲ್ಲ. ನಾನು ಕೇಳಿದ್ದನ್ನು ಇದ್ದಹಾಗೇ ಬರೆದಿಡುತ್ತೇನೆ, ಇದನ್ನಾದರೂ ನೆನಪು ಕೆಡಿಸದಿರಲಿ:

“ಮಾವ, ಅವತ್ತು ನನ್ನ ರಟ್ಟಿ ಹಿಡಿದೆಯಲ್ಲ, ಆಗ ನೀನು ಹೆದರಿದ್ದು ಊರಮ್ಮನಿಗೋ, ಒಳಗೆ ನನಗೆ ಏನು ಕೇಳಿಸ್ತೈತೋ ಅಂತಲೋ?”